ಬಚ್ಚಲು ಮೊದಲು, ಬೆಂಚು ಆಮೇಲೆ

ಮಳೆ ಹಿಂದೆಗೆದು ದೀಪಾವಳಿ ಹತ್ತಿರ ಬಂತೆಂದರೆ ಕಟ್ಟಡದ ಪ್ರಶ್ನೆಗಳ ಪತ್ರಗಳು ಹೆಚ್ಚುತ್ತವೆ. ಈ ತಿಂಗಳು ಆರು ಮಂದಿ ಹೆಚ್ಚುಕಡಿಮೆ ಒಂದೇ ವಿಷಯವನ್ನು ಕೇಳಿದ್ದಾರೆ: ಮನೆಯ ಪಕ್ಕದಲ್ಲಿ ಕೈಕೆಲಸಕ್ಕೊಂದು ಕೊಟ್ಟಿಗೆ, ಅದಕ್ಕೆ ಸೇರಿದಂತೆ ಬಚ್ಚಲು ಮತ್ತು ಶೌಚಾಲಯ. ನಾನು 31 ವರ್ಷ ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಮರಗೆಲಸ ಕಲಿಸಿದವನು. ನಿವೃತ್ತನಾದ ಮೇಲೆ ಸಾಗರದ ಹತ್ತಿರದ ನಮ್ಮ ಮನೆಯ ಹಿತ್ತಿಲಲ್ಲಿ ಅಂಥದೇ ಒಂದನ್ನು ಕಟ್ಟಿಸಿಕೊಂಡು ದಿನದ ಬಹುಪಾಲನ್ನು ಅದರಲ್ಲೇ ಕಳೆಯುತ್ತೇನೆ. ಈ ಸಂಚಿಕೆಯನ್ನು ಪೂರ್ತಿ ಇದೇ ವಿಷಯಕ್ಕೆ ಬಿಟ್ಟುಕೊಡುತ್ತಿದ್ದೇನೆ.

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮರಗೆಲಸ ನನ್ನ ಹಳೆಯ ಆಸೆ. ಮನೆಯ ಹಿಂದೆ 12 ಅಡಿ ಅಗಲ, 20 ಅಡಿ ಉದ್ದದ ಕೊಟ್ಟಿಗೆ ಕಟ್ಟಿಸಬೇಕೆಂದಿದ್ದೇನೆ. ಪತ್ನಿಗೆ ಉಬ್ಬಸವಿದೆ. ಧೂಳು ಮೆತ್ತಿಕೊಂಡ ಬಟ್ಟೆಯಲ್ಲಿ ಮನೆಯೊಳಗೆ ಹೋಗುವಂತಿಲ್ಲ. ಆದ್ದರಿಂದ ಅಲ್ಲೇ ಸ್ನಾನ ಮುಗಿಸಿ ಬರುವಂತೆ ಒಂದು ಬಚ್ಚಲು, ಶೌಚಾಲಯ ಬೇಕು. ಹಿತ್ತಿಲು ಮನೆಯ ಅಂಗಳಕ್ಕಿಂತ ಒಂದೂವರೆ ಅಡಿ ತಗ್ಗಿನಲ್ಲಿದೆ. ಈಗಿರುವ ಸೆಪ್ಟಿಕ್ ಟ್ಯಾಂಕ್ ಮನೆಯ ಪಕ್ಕದಲ್ಲಿ, ಅಂದರೆ ಕೊಟ್ಟಿಗೆಯಿಂದ 40 ಅಡಿ ದೂರದಲ್ಲಿದೆ. ಬಾವಿ ಮನೆಯ ಮುಂದೆ, ಮೇಲ್ಭಾಗದಲ್ಲಿದೆ. ಎಲ್ಲಿಂದ ಶುರು ಮಾಡಲಿ? ವಾಸ್ತು ಪ್ರಕಾರ ಬಚ್ಚಲು ಎಲ್ಲಿರಬೇಕು? — ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಪತ್ನಿಯ ಉಸಿರಾಟವನ್ನು ಮನಸ್ಸಿನಲ್ಲಿಟ್ಟು ಯೋಚಿಸಿದ್ದೀರಿ. ನಿಮಗೂ ಅದು ಒಳ್ಳೆಯದೇ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮೂಗಿಗೆ ಕಟ್ಟಿಕೊಳ್ಳುವ ಮುಸುಕು ಮತ್ತು ಕೆಲಸ ಮುಗಿದ ಮೇಲಿನ ಸ್ನಾನ ಇವೆರಡನ್ನೂ ಉಳಿ, ಗರಗಸದಷ್ಟೇ ಅಗತ್ಯದ ಸಲಕರಣೆ ಎಂದು ತಿಳಿಯಿರಿ.

ಎಲ್ಲರೂ ಬೆಂಚು ಎಲ್ಲಿ, ಯಂತ್ರ ಎಲ್ಲಿ ಎಂದು ಮೊದಲು ಗೆರೆ ಎಳೆಯುತ್ತಾರೆ. ಉಳಿದ ಮೂಲೆಯಲ್ಲಿ ಬಚ್ಚಲು ಎನ್ನುತ್ತಾರೆ. ಕ್ರಮ ತಿರುಗಬೇಕು. ಬೆಂಚನ್ನು ನಾಳೆ ಎತ್ತಿ ಆಚೆ ಇಡಬಹುದು. ನೆಲದೊಳಗೆ ಹೂತ ನಾಲ್ಕಿಂಚಿನ ಕೊಳವೆಯನ್ನು ಹಾಗೆ ಎತ್ತಿಡಲು ಆಗುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಮೊದಲ ಗೆರೆ ಕೊಳವೆಯದು.

ನಿಮ್ಮ ಜಾಗದ ಲೆಕ್ಕವನ್ನೇ ಹಿಡಿಯೋಣ. ಮಲದ ಕೊಳವೆಗೆ 40 ಅಡಿಗೆ 1 ಅಡಿ ಇಳಿಜಾರು ಕೊಟ್ಟರೆ ನೀರು, ಮಲ ಎರಡೂ ಒಟ್ಟಿಗೆ ಸಾಗುತ್ತವೆ. ತೀರಾ ಕಡಿಮೆಯಾದರೆ ಮಲ ಅಲ್ಲಲ್ಲೇ ಕೂರುತ್ತದೆ. ನಿಮ್ಮ ಹಳೆಯ ಟ್ಯಾಂಕಿಗೆ ಕೊಳವೆ ಒಳಹೋಗುವ ಬಾಯಿ ಅಂಗಳದ ಮಟ್ಟಕ್ಕಿಂತ 1 ಅಡಿ ಕೆಳಗಿದೆ ಎಂದಿಟ್ಟುಕೊಳ್ಳಿ. 40 ಅಡಿ ಹಿಂದಕ್ಕೆ ಬಂದರೆ ಕೊಳವೆ 1 ಅಡಿ ಮೇಲೇರಿ ಅಂಗಳದ ಸಮಕ್ಕೆ ಬರುತ್ತದೆ. ಕಮೋಡಿನ ಕೆಳಗಿನ ಬಾಗು ಕೊಳವೆಗೆ ಮತ್ತೊಂದು ಅಡಿ ಬೇಕು. ಅಂದರೆ ಬಚ್ಚಲಿನ ನೆಲ ಅಂಗಳಕ್ಕಿಂತ 1 ಅಡಿ ಮೇಲೆ, ಹಿತ್ತಿಲಿಗಿಂತ ಎರಡೂವರೆ ಅಡಿ ಮೇಲೆ ಬರಬೇಕಾಗುತ್ತದೆ. ಅಷ್ಟು ಎತ್ತರಕ್ಕೆ ಅಡಿಪಾಯ ತುಂಬಿಸಿ, ಹೆಗಲ ಮೇಲೆ ಹಲಗೆ ಹೊತ್ತು ಮೆಟ್ಟಿಲು ಹತ್ತುವ ಶ್ರಮ ನಿಮ್ಮ ವಯಸ್ಸಿಗೆ ಬೇಡ. ನೀರನ್ನು ಏರಿಗೆ ಕಳಿಸುವ ಹಟ ಬಿಟ್ಟು, ಕೊಟ್ಟಿಗೆಗಿಂತ ಕೆಳಗೆ ಹೊಸದೊಂದು ಚಿಕ್ಕ ಟ್ಯಾಂಕ್ ಕಟ್ಟಿಸಿ. ಐದು ಜನರ ಬಳಕೆಗೆ ಒಳಅಳತೆ 5 ಅಡಿ ಉದ್ದ, ಎರಡೂವರೆ ಅಡಿ ಅಗಲ, ನೀರಿನ ಆಳ ಮೂರೂವರೆ ಅಡಿ ಸಾಕು. ಅದರಿಂದ ಹೊರಬರುವ ನೀರಿಗೆ ಇಂಗುಗುಂಡಿ ಬೇಕು. ನಿಮ್ಮ ಬಾವಿ ಮೇಲ್ಭಾಗದಲ್ಲಿರುವುದು ಒಳ್ಳೆಯದಾಯಿತು. ಆದರೂ ಇಂಗುಗುಂಡಿಯಿಂದ 60 ಅಡಿಯಾದರೂ ದೂರ ಇರಲಿ. ಕೆಳಗಿನ ಮನೆಯವರ ಬಾವಿ ಎಲ್ಲಿದೆ ಎಂದೂ ಅಳೆಯಿರಿ; ಅವರೂ ಅದೇ ನೀರನ್ನು ಕುಡಿಯುವವರು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಬಿರುಕುಗಳಿಂದ ನೀರು ಬಲು ಬೇಗ ಓಡುತ್ತದೆ. ಗುಂಡಿ ತೋಡುವ ಆಳವನ್ನು ಬೇಸಿಗೆಯಲ್ಲಿ ನಿರ್ಧರಿಸಬೇಡಿ. ಶ್ರಾವಣದಲ್ಲಿ ಬಾವಿಯ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ನೆನಪು ಮಾಡಿಕೊಂಡು ನಿರ್ಧರಿಸಿ.

ಸ್ನಾನದ ನೀರನ್ನು ಟ್ಯಾಂಕಿಗೆ ಬಿಡಬೇಡಿ. ಸಾಬೂನಿನ ನೀರು ಟ್ಯಾಂಕಿನ ಕೆಲಸವನ್ನು ಕೆಡಿಸುತ್ತದೆ, ಗುಂಡಿಯನ್ನೂ ಬೇಗ ತುಂಬಿಸುತ್ತದೆ. ನಮ್ಮ ಹಿರಿಯರು ಬಚ್ಚಲ ಹಿಂದೆ ಬಾಳೆ, ಕೆಸು ನೆಟ್ಟಿದ್ದು ಸುಮ್ಮನೆ ಅಲ್ಲ. ಸ್ನಾನದ ನೀರಿಗೆ ಬೇರೆಯೇ ಕೊಳವೆ ಹಾಕಿ ಬಾಳೆಯ ಬುಡಕ್ಕೆ ಬಿಡಿ.

ಇನ್ನು ದಿಕ್ಕು. ವಾಸ್ತು ಹೇಳಲು ನಾನು ಕಲಿತವನಲ್ಲ. ನಾನು ಬಲ್ಲ ದಿಕ್ಕು ಮಳೆಯದು. ನಮ್ಮ ಕಡೆ ಜಡಿಮಳೆ ಪಡುವಣದಿಂದ ಬಡಿಯುತ್ತದೆ. ಬಚ್ಚಲನ್ನು ಪಡುವಣದ ತುದಿಯಲ್ಲಿಡಿ: ಹೇಗೂ ಒದ್ದೆಯಾಗುವ ಕೋಣೆಯೇ ಇರಚಲಿಗೆ ಬೆನ್ನು ಕೊಡಲಿ. ಒಳಗೆ ನಾಲ್ಕೂವರೆ ಅಡಿ ಅಗಲ, 7 ಅಡಿ ಉದ್ದ ಸಿಕ್ಕರೆ ಕಮೋಡು, ಕೈತೊಳೆಯುವ ಬೇಸಿನ್, ಸ್ನಾನ ಎಲ್ಲಕ್ಕೂ ಜಾಗವಾಗುತ್ತದೆ. ಗೋಡೆಯ ದಪ್ಪ ಕಳೆದು ಕೆಲಸಕ್ಕೆ ಸುಮಾರು 15 ಅಡಿ ಉದ್ದ ಉಳಿಯುತ್ತದೆ. 8 ಅಡಿಯ ಪ್ಲೈವುಡ್ ಹಲಗೆಯನ್ನು ಮೇಜುಗರಗಸದಲ್ಲಿ ಉದ್ದಕ್ಕೆ ಸೀಳಬೇಕಾದರೆ ಹಿಂದೆ 8 ಅಡಿ, ಮುಂದೆ 8 ಅಡಿ ಬೇಕು. 15 ಅಡಿಯಲ್ಲಿ ಅದು ಹಿಡಿಯುವುದಿಲ್ಲ. ಮೂಡಣದ ತುದಿಗೆ 5 ಅಡಿ ಅಗಲದ ಜೋಡಿ ಬಾಗಿಲು ಇಟ್ಟು, ಗರಗಸವನ್ನು ಅದರ ನೇರಕ್ಕೆ ನಿಲ್ಲಿಸಿ. ಹಲಗೆ ಬಾಗಿಲಾಚೆ ಜಗಲಿಗೆ ಹಾದುಹೋಗುತ್ತದೆ. ಮರ ಪೇರಿಸುವ ಜಾಗವೂ ಮೂಡಣದ ಕಡೆಗೇ ಇರಲಿ. ಬಚ್ಚಲಿಗೂ ಕೆಲಸದ ಜಾಗಕ್ಕೂ ನಡುವಿನ ಗೋಡೆಗೆ ಮರ ಒರಗಿಸಬೇಡಿ. ಒಂದೇ ಒಂದು ಹಲಗೆಯನ್ನೂ ಒರಗಿಸಬೇಡಿ. ಕಾರಣವನ್ನು ಕೊನೆಯ ಪತ್ರದಲ್ಲಿ ಹೇಳುತ್ತೇನೆ.

ಬಚ್ಚಲಿನ ಬಾಗಿಲನ್ನು ಕೊಟ್ಟಿಗೆಯ ಒಳಗಿನಿಂದ ತೆರೆಯಬೇಡಿ, ಹೊರಗಿನಿಂದ ತೆರೆಯಿರಿ. ಹಬೆ ಮರದ ಮೇಲೆ, ಉಕ್ಕಿನ ಉಳಿಯ ಮೇಲೆ ಕೂರುವುದಿಲ್ಲ. ಧೂಳು ಬಚ್ಚಲಿಗೆ ಹೋಗಿ ಕೊಳವೆ ಕಟ್ಟುವುದಿಲ್ಲ. ನಡುವಿನ ನಾಲ್ಕು ಹೆಜ್ಜೆಗೆ ಮಾಡು ಇಳಿಸಿ, ಅಲ್ಲೊಂದು ಗೂಟ ಹೊಡೆದು ಧೂಳಿನ ಅಂಗಿಯನ್ನು ಅಲ್ಲೇ ಬಿಚ್ಚಿ ತೂಗುಹಾಕಿ. ಚೌಕಟ್ಟು ಗ್ರಾನೈಟಿನದಿರಲಿ. ಮರಗೆಲಸದವನಾದ ನಾನೇ ಬಚ್ಚಲಿಗೆ ಮರದ ಚೌಕಟ್ಟು ಬೇಡ ಎನ್ನುತ್ತಿದ್ದೇನೆ.

ಅಡಿಪಾಯದ ಮೇಲಿನ ಕಾಂಕ್ರೀಟ್ ಪಟ್ಟಿ ಹಾಕುವ ಮುಂಚೆ ಎರಡೂ ಕೊಳವೆಗಳು ಹಾಯುವ ಕಡೆ ದೊಡ್ಡ ಕೊಳವೆಯ ತುಂಡುಗಳನ್ನು ಇಟ್ಟುಬಿಡಿ. ಮರೆತರೆ ಆಮೇಲೆ ಸುತ್ತಿಗೆ, ಚಾಣ ಹಿಡಿದು ಒಡೆಯುವ ಗತಿ. ಒಡೆದ ಕಡೆಯೇ ನೀರು ದಾರಿ ಹುಡುಕುತ್ತದೆ. ಬಚ್ಚಲಿನ ನೆಲ ಕೊಟ್ಟಿಗೆಯ ನೆಲಕ್ಕಿಂತ ಒಂದೆರಡು ಇಂಚು ಕೆಳಗಿರಲಿ. ನೆಲದ ಇಳಿಜಾರು 100 ಇಂಚಿಗೆ 1 ಇಂಚಿಗಿಂತ ಕಡಿಮೆ ಬೇಡ. ರಸಮಟ್ಟ ಇಟ್ಟು ನೋಡಿ. ಟೈಲ್ಸ್ ಹಾಕಿದ ಮೇಲೆ ಅಲ್ಲ, ಹಾಕುವ ಮೊದಲು.

ವಿದ್ಯುತ್ತಿಗೆ ಯಂತ್ರಗಳ ತಂತಿಯೇ ಬೇರೆ, ಬಚ್ಚಲಿನದೇ ಬೇರೆ. ಎರಡು ಅಶ್ವಶಕ್ತಿಯ ಗರಗಸಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ ಹಾಕಿಸಿ. ಒಳ್ಳೆಯ ಅರ್ಥಿಂಗ್ ಇರಲಿ. 30 ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಕಡ್ಡಾಯ. ಒದ್ದೆ ಕಾಲು ಮತ್ತು ಲೋಹದ ಯಂತ್ರ ಒಂದೇ ಮಾಡಿನ ಕೆಳಗಿವೆ ಎಂಬುದನ್ನು ಮರೆಯಬೇಡಿ.

ಬಿಸಿನೀರಿಗೆ ಗೀಸರ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಹಂಡೆಯನ್ನೇ ಹುಗಿಸಿದ್ದೇನೆ. ಒಲೆಯ ಬಾಯಿ ಹೊರಗೋಡೆಯಲ್ಲಿದೆ, ಕೊಟ್ಟಿಗೆಗೆ ವಿರುದ್ಧ ದಿಕ್ಕಿನಲ್ಲಿದೆ. ಹತ್ತರಿ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುವ ಚಕ್ಕೆಯನ್ನು ಗೋಣಿಚೀಲದಲ್ಲಿ ತುಂಬಿಟ್ಟು, ಅಡಿಕೆ ಹಾಳೆಯ ಜೊತೆ ಒಲೆಗೆ ಹಾಕುತ್ತೇನೆ. ಹೊನ್ನೆ, ಮತ್ತಿಯ ಚಕ್ಕೆ ಉರಿದ ನೀರಿನಲ್ಲಿ ಸಂಜೆ ಮಿಂದರೆ ಬೆನ್ನಿನ ನೋವು ಅರ್ಧ ಇಳಿಯುತ್ತದೆ. ಪ್ಲೈವುಡ್ ಚೂರುಗಳನ್ನು ಮಾತ್ರ ಎಂದೂ ಹಾಕಬೇಡಿ. ಅದರ ಅಂಟಿನ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಇನ್ನೊಂದು ಎಚ್ಚರ: ಅಗಸೆ ಎಣ್ಣೆಯಿಂದ ಮರ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಚಕ್ಕೆಯ ಚೀಲದ ಮೇಲೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಕಿಡಿ ತಾಗದೆಯೂ ಮುದ್ದೆ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಬಿಡಿಸಿ ಹೊರಗೆ ಹಗ್ಗದ ಮೇಲೆ ಹರವಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಅದ್ದಿಡಿ.

ಮಾಡಿಗೆ ತಗಡು ಬೇಡ, ಮಂಗಳೂರು ಹೆಂಚು ಹೊದೆಸಿ. ಚಳಿಗಾಲದ ಬೆಳಗ್ಗೆ ತಗಡಿನ ಅಡಿಯಲ್ಲಿ ಇಬ್ಬನಿ ಕಟ್ಟಿ ಹನಿಹನಿಯಾಗಿ ಉಳಿಗಳ ಮೇಲೆ ಬೀಳುತ್ತದೆ. ನಾಲ್ಕಾರು ಗಾಜಿನ ಹೆಂಚು ಸೇರಿಸಿದರೆ ಹಗಲಲ್ಲಿ ದೀಪ ಬೇಡ. ಕಟ್ಟುವ ಮೊದಲು ಗ್ರಾಮ ಪಂಚಾಯಿತಿಯ ಪರವಾನಗಿ ಪಡೆಯಿರಿ. ಹಿತ್ತಿಲಿನ ಮರವನ್ನೇ ಕಡಿದು ಬಳಸುವುದಾದರೆ ಅರಣ್ಯ ಇಲಾಖೆಯನ್ನೂ ಮೊದಲು ಕೇಳಿ.

ಪ್ರಶ್ನೆ: ಕೆಲಸದ ಕೋಣೆಗೂ ಬಚ್ಚಲಿಗೂ ಒಂದೇ ಬಗೆಯ ಹೊಳೆಯುವ ಟೈಲ್ಸ್ ಹಾಕಿಸಿದರೆ ಅಗ್ಗವಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಮ್ಮ ಸಲಹೆ? — ಮೈಸೂರಿನ ಓದುಗರು

ಉತ್ತರ: ಎರಡಕ್ಕೂ ಅದು ಸಲ್ಲುವುದಿಲ್ಲ. ಹೊಳೆಯುವ ಟೈಲ್ಸ್ ಮೇಲೆ ಮರದ ಹುಡಿ ಬಿದ್ದರೆ ರಾಗಿಕಾಳಿನ ಮೇಲೆ ನಡೆದಂತೆ ಕಾಲು ಜಾರುತ್ತದೆ. ನಿಮ್ಮ ಪಕ್ಕದಲ್ಲಿ ಗರಗಸ ತಿರುಗುತ್ತಿರುತ್ತದೆ. ಭಾರದ ವಸ್ತು ಕೈಜಾರಿದರೆ ಟೈಲ್ಸ್ ಚೂರಾಗುತ್ತದೆ. ಕೆಲಸದ ಕೋಣೆಗೆ ಗಟ್ಟಿ ಕಾಂಕ್ರೀಟಿನ ಮೇಲೆ ನಯವಾಗಿ ಉಜ್ಜಿದ ಸಿಮೆಂಟ್ ನೆಲವೇ ಸಾಕು. 7 ದಿನ ಬಿಡದೆ ನೀರುಣಿಸಿ. ಬೆಂಚಿನ ಮುಂದೆ ನೀವು ನಿಲ್ಲುವ ಕಡೆ ಹಳೆಯ ಹಲಗೆಗಳ ಒಂದು ಮಣೆ ಹಾಸಿ. ಕಾಲಿಗೆ ತಂಪು ಹತ್ತುವುದಿಲ್ಲ, ಜಾರಿದ ಉಳಿಯ ಬಾಯಿ ಮುರಿಯುವುದಿಲ್ಲ.

ಬಚ್ಚಲಿಗೆ ಒರಟು ಮೈಯ ಚಿಕ್ಕ ಟೈಲ್ಸ್ ಹಾಕಿಸಿ. ಚಿಕ್ಕದಾದಷ್ಟೂ ಇಳಿಜಾರಿಗೆ ಚೆನ್ನಾಗಿ ಬಾಗಿ ಕೂರುತ್ತವೆ. ಎರಡಡಿ ಚೌಕದ ಟೈಲ್ಸ್ ಹಾಕಿ ಜಾಲರಿಯ ಕಡೆಗೆ ನಾಲ್ಕೂ ಕಡೆಯಿಂದ ಇಳಿಜಾರು ಕೊಡುವುದು ಎಂಥ ಮೇಸ್ತ್ರಿಗೂ ಕಷ್ಟ. ಸಂದುಗಳಿಗೆ ಎಪಾಕ್ಸಿ ತುಂಬಿಸಿ. ಬಿಳಿ ಸಿಮೆಂಟ್ ಬೇಡ, ಬೇಗ ಸವೆದುಹೋಗುತ್ತದೆ.

ಬೇಸಿನ್ನಿನ ಬಗ್ಗೆಯೂ ಒಂದು ಮಾತು. ಅಂಟು, ಹುಡಿ ಮೆತ್ತಿದ ಕೈಯನ್ನು ನೇರವಾಗಿ ಅದರಲ್ಲಿ ತೊಳೆಯಬಾರದು. ನೀರಿನಲ್ಲಿ ಕರಗುವ ಬಿಳಿ ಅಂಟು, ಮರದ ಹುಡಿ ಎರಡೂ ಸೇರಿ ಕೊಳವೆಯ ಬಾಗಿನಲ್ಲಿ ಗಟ್ಟಿ ಮುದ್ದೆಯಾಗುತ್ತವೆ. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಬಕೆಟ್ಟಿನಲ್ಲಿ ಅದ್ದಿ, ಕೊನೆಗೆ ಬೇಸಿನ್.

ಪ್ರಶ್ನೆ: ನಾವು ಅರಗಿನ ಬಣ್ಣದ ಮರದ ಬೊಂಬೆ ಮಾಡುವವರು. ಮನೆಗೆ ಸೇರಿದ 10 ಅಡಿಗೆ 22 ಅಡಿಯ ಕೋಣೆಯಲ್ಲಿ ಕರೆಂಟಿನ ಮೂರು ಕಡೆತದ ಯಂತ್ರಗಳಿವೆ. ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಶೌಚಾಲಯಕ್ಕೆ ಮನೆಯೊಳಗೆ ನಮ್ಮ ಅತ್ತೆಯವರ ಕೋಣೆ ದಾಟಿ ಹೋಗಬೇಕು. ಅವರು ಸಂಕೋಚಪಟ್ಟು ಬೆಳಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯುವುದಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಅವರಿಗೆಂದೇ ಒಂದು ಶೌಚಾಲಯ ಮಾಡಬಹುದೇ? ಮೂರೂವರೆ ಅಡಿಗೆ 5 ಅಡಿ ಜಾಗ ಬಿಟ್ಟುಕೊಡಬಲ್ಲೆವು. — ಚನ್ನಪಟ್ಟಣದ ಓದುಗಿ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಡೀ ದಿನ ನೀರು ಕುಡಿಯದೆ ಯಂತ್ರದ ಮುಂದೆ ಕೂರುವವರನ್ನು ಗಮನಿಸಿದ ನಿಮಗೆ ನಮಸ್ಕಾರ. ಖಂಡಿತ ಮಾಡಬಹುದು. ಮೂರೂವರೆಗೆ 5 ಅಡಿ ಇಕ್ಕಟ್ಟಲ್ಲ. ಭಾರತೀಯ ಮಾದರಿಯ ಬೇಸಿನ್ ಇಟ್ಟರೆ ಜಾಗ ಸಾಕಾಗುತ್ತದೆ. ಆದರೆ ಮೊದಲು ಆ ಇಬ್ಬರನ್ನೇ ಕೇಳಿ. ಮಂಡಿನೋವಿದ್ದವರಿಗೆ ಕಮೋಡೇ ಬೇಕಾಗಬಹುದು.

ಸುತ್ತ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಸಾಕು, ಅದು ಮಾಡನ್ನು ಹೊರುವ ಗೋಡೆಯಲ್ಲ. ಗೋಡೆಯನ್ನು ಅರ್ಧಕ್ಕೆ ನಿಲ್ಲಿಸದೆ ಮೇಲಿನವರೆಗೂ ಏರಿಸಿ. ತೆರೆದ ಮೇಲ್ಭಾಗವಿದ್ದರೆ ಒಳಗಿನ ಸದ್ದು ಹೊರಗೆ ಕೇಳಿಸುತ್ತದೆ, ಮತ್ತೆ ಅವರು ಹೋಗುವುದಿಲ್ಲ. ಹೊರಗೋಡೆಗೆ ಆರೂವರೆ ಅಡಿ ಎತ್ತರದಲ್ಲಿ ಗಾಳಿಕಿಂಡಿ ಮತ್ತು ಚಿಕ್ಕ ಗಾಳಿಯಂತ್ರ ಇಡಿ. ಬಾಗಿಲು ಯಂತ್ರಗಳ ಕಡೆಗೆ ಮುಖ ಮಾಡದಿರಲಿ. ಒಳಗಿನ ಚಿಲಕ ಗಟ್ಟಿಯಾಗಿರಲಿ, ಬಟ್ಟೆಗೆ ಕೊಕ್ಕೆ, ಕೈಚೀಲ ಇಡಲು ಒಂದು ಕಲ್ಲಿನ ಹಲಗೆ, ಮುಚ್ಚಳದ ಕಸದ ಡಬ್ಬಿ, ಬೆಳಕು, ತುಂಬಿದ ನೀರು ಇವೆಲ್ಲ ಇರಲಿ. ಇವುಗಳಲ್ಲಿ ಒಂದು ಕಡಿಮೆಯಾದರೂ ಕಟ್ಟಿದ್ದು ಬಳಕೆಗೆ ಬರುವುದಿಲ್ಲ. ಕೈತೊಳೆಯುವ ಬೇಸಿನ್ ಹೊರಗೋಡೆಗೆ ಬರಲಿ. ನಿಮ್ಮ ಬೀದಿಯಲ್ಲಿ ಒಳಚರಂಡಿ ಇದ್ದರೆ ನಗರಸಭೆಗೆ ಅರ್ಜಿ ಕೊಟ್ಟು ಸಂಪರ್ಕ ಪಡೆಯಿರಿ.

ನಿಮ್ಮ ಕೆಲಸಕ್ಕೆ ಸಂಬಂಧಿಸಿದ ಎಚ್ಚರ ಎರಡಿವೆ. ಆಲೆಮರದ ಬಿಳುಪೇ ನಿಮ್ಮ ಬೊಂಬೆಯ ಜೀವ. ತೇವ ತಗುಲಿದರೆ ಅದರೊಳಗೆ ಶಿಲೀಂಧ್ರ ಹಬ್ಬಿ ನೀಲಿ, ಬೂದು ಕಲೆ ಕೂರುತ್ತದೆ. ಎಷ್ಟು ಕಡೆದರೂ ಅದು ಹೋಗುವುದಿಲ್ಲ, ತೆಳು ಬಣ್ಣದ ಅರಗಿನ ಅಡಿಯಲ್ಲೂ ಕಾಣುತ್ತದೆ. ಆದ್ದರಿಂದ ಮರದ ತುಂಡುಗಳು ಹೊಸ ಗೋಡೆಯಿಂದ ದೂರ, ನೆಲದಿಂದ ಮೇಲೆ ಇರಲಿ. ಎರಡನೆಯದು, ಅರಗಿನ ಕಡ್ಡಿಗಳನ್ನೂ ತಾಳೆಗರಿಯನ್ನೂ ಆ ಗೋಡೆಯ ಗೂಡಿನಲ್ಲಿ ಇಡಬೇಡಿ.

ಪ್ರಶ್ನೆ: ಹೋದ ವರ್ಷ ಕಟ್ಟಿಸಿದ ವೆಲ್ಡಿಂಗ್ ಕೋಣೆಯ ನೆಲ ಬಿರುಕು ಬಿಟ್ಟಿದೆ. ಬಚ್ಚಲಿನ ಕೊಳವೆ ಗೋಡೆಯ ಹತ್ತಿರವೇ ಮುರಿದಿದೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. — ಧಾರವಾಡ ಜಿಲ್ಲೆಯ ಓದುಗರು

ಉತ್ತರ: ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಮೇಲೆ ನೇರವಾಗಿ ನೆಲ ಹಾಕಿದರೆ ನೆಲವೂ ಅದರ ಜೊತೆ ಏರಿಳಿಯುತ್ತದೆ. ನೀವು ಬರೆದದ್ದನ್ನು ನೋಡಿದರೆ ಬಚ್ಚಲಿನ ಸೋರಿಕೆಯಿಂದ ಆ ಮೂಲೆಯ ಮಣ್ಣು ಮಾತ್ರ ಉಬ್ಬಿ, ನೆಲವನ್ನು ಒಂದು ಕಡೆ ಎತ್ತಿದಂತಿದೆ. ಮೊದಲು ಸೋರಿಕೆ ನಿಲ್ಲಿಸಿ. ಅದನ್ನು ಬಿಟ್ಟು ಬಿರುಕಿಗೆ ಸಿಮೆಂಟ್ ತುಂಬಿದರೆ ದುಡ್ಡು ದಂಡ.

ಆಮೇಲೆ ಹಾಳಾದ ನೆಲವನ್ನು ತೆಗೆದು, ಎರೆಮಣ್ಣನ್ನು ಎರಡು ಮೂರು ಅಡಿ ಆಳಕ್ಕೆ ಎತ್ತಿಸಿ ಗರಸು ತುಂಬಿಸಿ. ಒಮ್ಮೆಗೇ ಸುರಿಯದೆ ಅರ್ಧ ಅಡಿಗೊಂದು ಪದರ ಮಾಡಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಬೇಕು. ಹೊಸ ನೆಲವನ್ನು ಗೋಡೆಗೆ ಬೆಸೆಯಬೇಡಿ, ಸಣ್ಣ ಸಂದು ಬಿಡಿ. ಕೊಳವೆ ಗೋಡೆ ಹಾಯುವ ಕಡೆ ಸುತ್ತ ಎರಡಿಂಚು ಸಡಿಲ ಇರಲಿ, ಹೊರಗಿನ ಜೋಡಣೆಗೆ ರಬ್ಬರ್ ಉಂಗುರದ ಕೊಳವೆ ಹಾಕಿಸಿ; ನೆಲ ಒಂದಿಷ್ಟು ಅಲುಗಿದರೂ ಅದು ಮುರಿಯುವುದಿಲ್ಲ. ಕಟ್ಟಡದ ಸುತ್ತ ಮೂರಡಿ ಅಗಲಕ್ಕೆ ಹೊರಗಿಳಿಜಾರಿನ ಕಟ್ಟೆ ಕಟ್ಟಿಸಿ, ಮಳೆನೀರು ಅಡಿಪಾಯದ ಬುಡಕ್ಕೆ ಇಳಿಯಬಾರದು. ಗೋಡೆಯಲ್ಲೂ ಬಿರುಕಿದ್ದರೆ ಮಾತ್ರ ನನ್ನ ಮಾತಿನಷ್ಟಕ್ಕೇ ಬಿಡಬೇಡಿ, ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ.

ಪ್ರಶ್ನೆ: ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದೇವೆ. ಬಚ್ಚಲು ಸೇರಿದ ಒಂದು ಕೋಣೆಯನ್ನು ವರ್ಕ್‌ಶಾಪ್ ಮಾಡಿಕೊಳ್ಳಬಹುದೇ? — ಬೆಂಗಳೂರಿನ ಓದುಗರು

ಉತ್ತರ: ಕೈಗರಗಸ, ಉಳಿ, ಹತ್ತರಿ ಇಷ್ಟಕ್ಕೆ ನಿಲ್ಲಿಸುವುದಾದರೆ ಧಾರಾಳವಾಗಿ ಮಾಡಿ. ಬೆಂಚಿನ ಕಾಲಿಗೆ ರಬ್ಬರ್ ಹಾಸಿ, ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಭಾರದ ಯಂತ್ರ ಬೇಡ. ಬಣ್ಣ, ಅಂಟು, ಸಿಮೆಂಟ್ ಯಾವುದನ್ನೂ ಆ ಬಚ್ಚಲಿನಲ್ಲಿ ತೊಳೆಯಬೇಡಿ. ಆ ಕೊಳವೆ ನಿಮ್ಮೊಬ್ಬರದಲ್ಲ, ಮೂರು ಮನೆಗಳದು.

ಪ್ರಶ್ನೆ: ನಾನು 28 ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ಎರಡು ತಿಂಗಳ ಹಿಂದೆ ತಾವು ಈ ಅಂಕಣದಲ್ಲಿ, ಬಚ್ಚಲಿಗೆ ಟೈಲ್ಸ್ ಹಾಕುವ ಮೊದಲು 48 ಗಂಟೆ ನೀರು ನಿಲ್ಲಿಸಿ ನೋಡದೆ ಮೇಸ್ತ್ರಿಗೆ ಹಣ ಕೊಡಬೇಡಿ ಎಂದು ಬರೆದಿರಿ. ಅಂದಿನಿಂದ ಮನೆ ಯಜಮಾನರು ಬಕೆಟ್ ಹಿಡಿದು ನಿಲ್ಲುತ್ತಾರೆ. ನೀರು ಅರ್ಧ ಬೆರಳು ಇಳಿದರೂ ಸೋರುತ್ತದೆ ಎನ್ನುತ್ತಾರೆ. ಎರಡು ದಿನ ನಮಗೆ ಕೂಲಿಯೂ ಇಲ್ಲ, ಮರ್ಯಾದೆಯೂ ಇಲ್ಲ. ನಮ್ಮ ಮೇಲೆ ನಂಬಿಕೆ ಬೇಡವೇ? — ತೀರ್ಥಹಳ್ಳಿ ಕಡೆಯ ಮೇಸ್ತ್ರಿ

ಉತ್ತರ: ಮೇಸ್ತ್ರಿಗಳೇ, ನಿಮ್ಮ ಬೇಸರ ನ್ಯಾಯವಾದದ್ದು. ಹಣದ ಮಾತನ್ನು ನಾನು ಹಾಗೆ ಬರೆಯಬಾರದಿತ್ತು. ಅದನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ನೀರು ನಿಲ್ಲಿಸುವ ಮಾತನ್ನು ಹಿಂದಕ್ಕೆ ಪಡೆಯಲಾರೆ. ಯಾಕೆಂದು ಹೇಳುತ್ತೇನೆ, ದಯವಿಟ್ಟು ಕೇಳಿ.

ನನ್ನ ಕೊಟ್ಟಿಗೆ ಕಟ್ಟಿದ ಮೇಸ್ತ್ರಿ ನಿಮ್ಮಷ್ಟೇ ಅನುಭವಿ. ಆತ ಏರಿಸಿದ ಗೋಡೆಗೆ ತೂಗುಗುಂಡು ಬಿಟ್ಟರೆ ಮೇಲಿನಿಂದ ಕೆಳಗಿನವರೆಗೆ ದಾರಕ್ಕೂ ಗೋಡೆಗೂ ಒಂದೇ ಅಂತರ. ಯುಗಾದಿಗೆ ಮೊದಲು ಆತ ಇನ್ನೊಂದು ಮನೆಯ ಕೆಲಸ ಹಿಡಿಯಬೇಕಿತ್ತು. ನನಗೂ ಬೆಂಚಿನ ಮುಂದೆ ನಿಲ್ಲುವ ಆತುರವಿತ್ತು. ನೀರುನಿರೋಧಕ ಲೇಪ ಎರಡು ಕೈ ಹೊಡೆದದ್ದನ್ನು ನಾನೇ ನಿಂತು ನೋಡಿದ್ದೆ. ನೀರು ನಿಲ್ಲಿಸಲಿಲ್ಲ. ಮರುದಿನವೇ ಟೈಲ್ಸ್ ಹಾಕಿದೆವು.

ನಮ್ಮ ಹಿತ್ತಿಲಲ್ಲಿ ಗಾಳಿಗೆ ಬಿದ್ದ ಹಲಸಿನ ಮರವೊಂದನ್ನು ಹಲಗೆ ಸೀಳಿಸಿ ನಾಲ್ಕು ವರ್ಷ ನೆರಳಲ್ಲಿ ಒಣಗಿಸಿಟ್ಟಿದ್ದೆ. ಮಗಳ ಮನೆಗೆ ದೇವರ ಮಂಟಪ ಮಾಡಿಕೊಡಬೇಕೆಂದಿದ್ದೆ. ಆ ಹಲಗೆಗಳನ್ನು ಬಚ್ಚಲಿನ ಗೋಡೆಗೆ, ಕೊಟ್ಟಿಗೆಯ ಕಡೆಯಿಂದ, ನೆಟ್ಟಗೆ ಒರಗಿಸಿದೆ. ಮಳೆಗಾಲ ಕಳೆದು ನವರಾತ್ರಿಯ ಹೊತ್ತಿಗೆ ಒಂದನ್ನು ಎಳೆದಾಗ ಅದು ಗೋಡೆಯಿಂದ ಬಿಡಲೇ ಇಲ್ಲ. ಹಿಂಭಾಗದಲ್ಲಿ ಬೆರಳಿನಗಲದ ಮಣ್ಣಿನ ಗೆರೆ, ಗೆದ್ದಲಿನದು, ನೆಲದಿಂದ ಮೊಣಕಾಲೆತ್ತರಕ್ಕೆ ಏರಿತ್ತು. ಹಲಸಿನ ಅರಿಸಿನದಂಥ ಬಣ್ಣ ಬುಡದಲ್ಲಿ ಒಂದು ಗೇಣು ಕಪ್ಪಾಗಿತ್ತು. ಉಗುರು ಒತ್ತಿದೆ. ಒದ್ದೆ ಸಾಬೂನಿಗೆ ಇಳಿದಂತೆ ಇಳಿಯಿತು. ಗೋಡೆಗೆ ಅಂಗೈ ಇಟ್ಟೆ. ಮೇಲೆ ಬೆಚ್ಚಗಿತ್ತು, ನೆಲದಿಂದ ನಾಲ್ಕು ಇಂಚಿನಲ್ಲಿ ತಣ್ಣಗಿತ್ತು. ಗಿಲಾವನ್ನು ತಟ್ಟಿದರೆ ಟೊಳ್ಳು ಸದ್ದು. ಏಳು ಹಲಗೆಗಳಲ್ಲಿ ಉಳಿದದ್ದು ಎರಡು.

ಟೈಲ್ಸ್ ಒಡೆಸಿದಾಗ ಕಾರಣ ಸಿಕ್ಕಿತು. ಲೇಪ ನೆಲದ ಮೇಲೆ ಅಚ್ಚುಕಟ್ಟಾಗಿಯೇ ಇತ್ತು. ಆದರೆ ನೆಲ ಗೋಡೆಯನ್ನು ಸೇರುವ ಮೂಲೆಯಲ್ಲಿ ನಿಂತುಬಿಟ್ಟಿತ್ತು. ಗೋಡೆಯ ಮೇಲೆ ಒಂದಡಿ ಏರಬೇಕಿತ್ತು, ಮೂಲೆಯನ್ನು ಗಾರೆಯಿಂದ ದುಂಡಗೆ ತುಂಬಿ (ಅದಕ್ಕೆ ಗೋಲು ಎನ್ನುತ್ತಾರೆ) ಅದರ ಮೇಲೆ ಹಾಯಬೇಕಿತ್ತು. ನೀರಿಳಿಯುವ ನಾಣಿ ಟ್ರ್ಯಾಪಿನ ಕುತ್ತಿಗೆಯ ಸುತ್ತ ಇಟ್ಟಿಗೆ ಚೂರು, ಗಾರೆ ತುಂಬಿದ್ದು ಒಣಗಿ ಕುಗ್ಗಿ, ಕಾಗದ ತೂರುವಷ್ಟು ಸಂದು ಬಿಟ್ಟಿತ್ತು. ದಿನಕ್ಕೆ ಎರಡು ಸ್ನಾನದ ನೀರು ಆ ಸಂದಿನಲ್ಲಿ ಇಳಿದು ಗೋಡೆಯ ಬುಡ ಸೇರುತ್ತಿತ್ತು. ಜಂಬಿಟ್ಟಿಗೆ ಅದನ್ನು ಬತ್ತಿ ಎಣ್ಣೆ ಹೀರುವಂತೆ ಮೇಲಕ್ಕೆ ಹೀರುತ್ತಿತ್ತು. 48 ಗಂಟೆ ನೀರು ನಿಲ್ಲಿಸಿದ್ದರೆ ಟೈಲ್ಸ್ ಹಾಕುವ ಮೊದಲೇ ಇದು ತಿಳಿಯುತ್ತಿತ್ತು. ಒಂದು ಚಮಚ ಲೇಪದಲ್ಲಿ ಮುಗಿಯುವ ಕೆಲಸವಾಗಿತ್ತು.

ಸುದ್ದಿ ಕೇಳಿ ಮೇಸ್ತ್ರಿ ತಾನಾಗಿ ಬಂದರು. ಹಲಗೆಗಳನ್ನು ಮುಟ್ಟಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ದುರಸ್ತಿಗೆ ಕೂಲಿ ಬೇಡವೆಂದರು. ನಾನು ಒತ್ತಾಯ ಮಾಡಿ ಕೊಟ್ಟೆ, ಏಕೆಂದರೆ ಆತುರ ಇಬ್ಬರದೂ ಆಗಿತ್ತು. ಟ್ರ್ಯಾಪಿನ ಸುತ್ತ ಕುಗ್ಗದ ಗಾರೆ ತುಂಬಿ, ಮೂಲೆ ಗೋಲು ಮಾಡಿ, ಲೇಪವನ್ನು ಗೋಡೆಗೆ ಒಂದಡಿ ಏರಿಸಿ, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಅವರೇ ನೀರು ನಿಲ್ಲಿಸಿದರು.

ನೀವು ಕೇಳಿದ ಅರ್ಧ ಬೆರಳಿನ ವಿಷಯಕ್ಕೂ ಅವರೇ ದಾರಿ ತೋರಿಸಿದರು. ಟ್ರ್ಯಾಪಿನ ಬಾಯಿಗೆ ಚಿಂದಿ ಸುತ್ತಿದ ಮರದ ಬೆಣೆ ಬಿಗಿದು, ಬಾಗಿಲ ಹೊಸ್ತಿಲಿಗೆ ಮೂರಿಂಚಿನ ಗಾರೆ ದಿಂಡು ಕಟ್ಟಿ, ಎರಡಿಂಚು ನೀರು ತುಂಬಿದರು. ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದರು. ಪಕ್ಕದಲ್ಲೇ ನೇರ ಅಂಚಿನ ಸ್ಟೀಲ್ ಡಬ್ಬಿಯೊಂದರಲ್ಲಿ ಅಷ್ಟೇ ಎತ್ತರ ನೀರು ತುಂಬಿ, ಅದರೊಳಗೂ ಗೆರೆ ಹಾಕಿ ಇಟ್ಟರು. ಸ್ಟೀಲ್ ಡಬ್ಬಿ ಸೋರುವುದಿಲ್ಲ. ಅದರಲ್ಲಿ ಇಳಿದದ್ದು ಗಾಳಿಗೆ ಆರಿದ ನೀರು. ನೆಲದ ನೀರೂ ಅಷ್ಟೇ ಇಳಿದಿದ್ದರೆ ಕೆಲಸ ಸರಿಯಾಗಿದೆ. ಹೆಚ್ಚು ಇಳಿದಿದ್ದರೆ ಮಾತ್ರ ಸೋರಿಕೆ. ಎರಡು ದಿನ ಕಳೆದು ನೋಡಿದಾಗ ಎರಡರಲ್ಲೂ ಗೆರೆಯಿಂದ ಒಂದು ನೂಲಿನಷ್ಟು ಇಳಿದಿತ್ತು, ಒಂದೇ ಅಳತೆ. ಬಕೆಟ್ ಹಿಡಿದು ನಿಲ್ಲುವ ಯಜಮಾನರಿಗೆ ಆ ಡಬ್ಬಿಯನ್ನು ತೋರಿಸಿ. ಯಾರೂ ಯಾರನ್ನೂ ಅನುಮಾನಿಸಬೇಕಾಗಿಲ್ಲ.

ಕೂಲಿಯ ಮಾತಿಗೆ ಬರುತ್ತೇನೆ. ಇದನ್ನು ಓದುವ ಮನೆ ಯಜಮಾನರು ಕೇಳಿಸಿಕೊಳ್ಳಲಿ: ನೀರು ನಿಲ್ಲಿಸುವುದು ಕೆಲಸದ ಒಂದು ಭಾಗ, ಮೇಸ್ತ್ರಿಗೆ ಒಡ್ಡುವ ಪರೀಕ್ಷೆಯಲ್ಲ. ಗಾರೆ, ಲೇಪ, ಟೈಲ್ಸ್ ಎಂದು ಲೆಕ್ಕ ಬರೆಯುವಾಗ ನೀರು ನಿಲ್ಲಿಸುವುದಕ್ಕೂ ಒಂದು ಸಾಲು ಬರೆಯಿರಿ, ಅದಕ್ಕೆ ಕೂಲಿ ಇಡಿ. ಆ ಎರಡು ದಿನ ಮೇಸ್ತ್ರಿಗೆ ಬೇರೆ ಗೋಡೆಯ ಗಿಲಾವು, ಹೊರಗಿನ ಕಟ್ಟೆ ಏನಾದರೂ ಕೆಲಸ ಒದಗಿಸಿ.

ನಮ್ಮ ಮೇಸ್ತ್ರಿ ಈಗಲೂ ಸುತ್ತಮುತ್ತ ಕೆಲಸ ಮಾಡುತ್ತಾರೆ. ಹೋದ ತಿಂಗಳು ಅವರು ಕಟ್ಟುತ್ತಿರುವ ಮನೆಯೊಂದಕ್ಕೆ ಹೋಗಿದ್ದೆ. ಬಚ್ಚಲಿನಲ್ಲಿ ನೀರು ನಿಂತಿತ್ತು, ಮೂಲೆಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಗೋಡೆಯ ಮೇಲೆ ಪೆನ್ಸಿಲ್ ಗೆರೆ, ಅದರ ಪಕ್ಕದಲ್ಲಿ ತಾರೀಖು, ಕೆಳಗೆ ಅವರದೇ ಸಹಿ.